ಟೈಟಾನಿಯಾಕ್ಕೆ ಚೂರು ನಯೋಬಿಯಂ: ಡೈ ಸೋಲಾರ್ ಸೆಲ್ ಮಾಡಿದ ನನ್ನ ಅನುಭವ

ಟೈಟಾನಿಯಾಕ್ಕೆ (ಟೈಟಾನಿಯಂ ಡೈಆಕ್ಸೈಡ್) ಬೇರೆ ಲೋಹವನ್ನು ಚೂರು ಬೆರೆಸಿದರೆ, ಅಂದರೆ ಡೋಪಿಂಗ್ ಮಾಡಿದರೆ, ಸೆಲ್‌ನ ಎಫಿಶಿಯೆನ್ಸಿ ಏರುತ್ತದೆ ಅಂತ ಓದಿಕೊಂಡೇ ಎಲ್ಲರೂ ಈ ಕೆಲಸಕ್ಕೆ ಇಳಿಯುತ್ತಾರೆ. ಏರಬಹುದು, ನಿಜ. ಆದರೆ ನಿಮಗೆ ಕರೆಂಟ್ ಜಾಸ್ತಿ ಬೇಕೋ ವೋಲ್ಟೇಜೋ? ಎರಡೂ ಒಟ್ಟಿಗೆ ಸಿಗುವುದು ಕಡಿಮೆ.

ನಾನು ಮಾಡಿದ್ದು 1991ರಲ್ಲಿ ಓ'ರೀಗನ್ ಮತ್ತು ಗ್ರೆಟ್ಸೆಲ್ ತೋರಿಸಿಕೊಟ್ಟ ಮಾದರಿಯ ಸೆಲ್. ಕರೆಂಟ್ ಹರಿಯುವ ಗಾಜಿನ ಮೇಲೆ ಟೈಟಾನಿಯಾ ಪದರ, ಅದಕ್ಕೆ ಬೆಳಕು ಹೀರುವ ಬಣ್ಣವಾದ ರುಥೇನಿಯಂ ಡೈ, ನಡುವೆ ಅಯೋಡೈಡ್ ದ್ರಾವಣ, ಆಚೆ ಬದಿಗೆ ಪ್ಲಾಟಿನಂ. ಡೈ ಬಿಟ್ಟುಕೊಟ್ಟ ಎಲೆಕ್ಟ್ರಾನನ್ನು ಟೈಟಾನಿಯಾ ಗಾಜಿನವರೆಗೆ ಮುಟ್ಟಿಸಬೇಕು. ದಾರಿಯಲ್ಲಿ ದ್ರಾವಣಕ್ಕೆ ಸೋರಿಹೋದರೆ ಅಷ್ಟೂ ನಷ್ಟ.

ನಾನು ಆರಿಸಿಕೊಂಡದ್ದು ನಯೋಬಿಯಂ. ಟೈಟಾನಿಯಂ ಅಯಾನಿನ ಚಾರ್ಜ್ +4, ಇದರದ್ದು +5. ಗಾತ್ರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಹಾಗಾಗಿ ಆ ಜಾಗದಲ್ಲಿ ಕೂರುತ್ತದೆ. ಎಲೆಕ್ಟ್ರಾನ್ ಓಡಾಟ ಸುಲಭವಾಗುತ್ತದೆ. ಜೊತೆಗೆ ಕಂಡಕ್ಷನ್ ಬ್ಯಾಂಡ್ (ಟೈಟಾನಿಯಾದೊಳಗೆ ಎಲೆಕ್ಟ್ರಾನ್ ಓಡಾಡುವ ಶಕ್ತಿಯ ಮಟ್ಟ) ಕೆಳಗಿಳಿಯುವುದರಿಂದ ವೋಲ್ಟೇಜ್ ಸ್ವಲ್ಪ ಬೀಳುತ್ತದೆ. ಮೆಗ್ನೀಸಿಯಂ ಹಾಕಿದರೆ ಸಾಮಾನ್ಯವಾಗಿ ಇದರ ಉಲ್ಟಾ.

ನಯೋಬಿಯಂ ಸೇರಿದ ಟೈಟಾನಿಯಾ ಮಾಡಲು ಬಳಸುವ ಟೈಟಾನಿಯಂ ಐಸೊಪ್ರೊಪಾಕ್ಸೈಡ್, ನಯೋಬಿಯಂ ಇಥಾಕ್ಸೈಡ್ ಎರಡಕ್ಕೂ ತೇವ ಕಂಡರಾಗದು. ಮಳೆಗಾಲದಲ್ಲಿ ತೂಕ ಮಾಡುವಾಗಲೇ ಬೆಳ್ಳಗಾಗಿಬಿಡುತ್ತವೆ, ಒಣಗಿದ ಡಬ್ಬಿಯೊಳಗೇ ಮಾಡಬೇಕು. ಆಮೇಲೆ ಪುಡಿ ಮಾಡಿ, ಇಥೈಲ್ ಸೆಲ್ಯುಲೋಸ್ ಮತ್ತು ಟರ್ಪಿನಿಯೋಲ್ ಸೇರಿಸಿ ಪೇಸ್ಟ್. ಗಾಜಿನ ಅಂಚಿಗೆ ಟೇಪ್ ಅಂಟಿಸಿ, ಗಾಜಿನ ಕಡ್ಡಿಯಿಂದ ಎಳೆದು, 500 ಡಿಗ್ರಿಯಲ್ಲಿ ಸುಡುವುದು. 80 ಡಿಗ್ರಿಗೆ ಇಳಿಯುತ್ತಿದ್ದಂತೆ, ಬಿಸಿ ಇರುವಾಗಲೇ ಡೈಯಲ್ಲಿ ಮುಳುಗಿಸಿದೆ. ಪೂರ್ತಿ ಆರಿದರೆ ರಂಧ್ರಗಳಲ್ಲಿ ತೇವ ಸೇರುತ್ತದೆ.

ನಯೋಬಿಯಂ ನಿಜಕ್ಕೂ ಒಳಗೆ ಹೋಗಿದೆಯಾ? ಎಕ್ಸ್‌ರೇ ಡಿಫ್ರಾಕ್ಷನ್‌ನಲ್ಲಿ ಅನಟೇಸ್‌ನ (ಟೈಟಾನಿಯಾದ ಒಂದು ಹರಳಿನ ರೂಪ) 25.3 ಡಿಗ್ರಿಯ ಗೆರೆ ತುಸು ಎಡಕ್ಕೆ ಸರಿದಿದ್ದರೆ ಹೋಗಿದೆ ಅಂತಲೇ ಲೆಕ್ಕ. ನಯೋಬಿಯಂ ಆಕ್ಸೈಡ್‌ನದ್ದೇ ಬೇರೆ ಗೆರೆ ಕಂಡರೆ ಪ್ರಮಾಣ ಮಿತಿ ಮೀರಿದೆ.

ಇನ್ನು ಅಳತೆ. ಅಂದೇ, ಅದೇ ಕೈಯಲ್ಲಿ ಮಾಡಿದ ಡೋಪ್ ಆಗದ ಸೆಲ್ ಪಕ್ಕದಲ್ಲಿ ಇಲ್ಲದಿದ್ದರೆ ಆ ಅಂಕಿಗಳನ್ನು ನಾನು ನಂಬುವುದಿಲ್ಲ. ಗೊತ್ತಾದ ಅಳತೆಯ ಜಾಗಕ್ಕೆ ಮಾತ್ರ ಬೆಳಕು ಬಿಡುವ ಮಾಸ್ಕ್ ಹಾಕದೆ ಅಳೆದದ್ದನ್ನಂತೂ ಇಲ್ಲವೇ ಇಲ್ಲ. ಪದರದ ದಪ್ಪ ಒಂದೆರಡು ಮೈಕ್ರಾನ್ ಬದಲಾದರೂ ಕರೆಂಟ್ ಬದಲಾಗುತ್ತದಲ್ವಾ?

ಇನ್ನೊಂದು ಸಂಗತಿಯನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ನಯೋಬಿಯಂ ಇದ್ದಾಗ ಟೈಟಾನಿಯಾ ಕಣಗಳು ಅಷ್ಟು ದೊಡ್ಡದಾಗಿ ಬೆಳೆಯುವುದಿಲ್ಲ. ಕಣ ಚಿಕ್ಕದಾದರೆ ಮೇಲ್ಮೈ ಜಾಸ್ತಿ, ಹಿಡಿಯುವ ಡೈ ಜಾಸ್ತಿ. ಆಗ ಕರೆಂಟ್ ಏರಿದ್ದು ಎಲೆಕ್ಟ್ರಾನ್ ಸಲೀಸಾಗಿ ಸಾಗಿದ್ದಕ್ಕಾ, ಸುಮ್ನೆ ಡೈ ಹೆಚ್ಚಿದ್ದಕ್ಕಾ? ಅದಕ್ಕೇ ಎರಡೂ ಬಗೆಯ ಪದರಗಳಿಂದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಡೈ ಬಿಡಿಸಿ, ಸ್ಪೆಕ್ಟ್ರೋಮೀಟರಿನಲ್ಲಿ ಅಳೆದು, ಎರಡನ್ನೂ ಹೋಲಿಸಿ ನೋಡಿದ ಮೇಲೆಯೇ ಫಲಿತಾಂಶವನ್ನು ಪುಸ್ತಕದಲ್ಲಿ ಬರೆಯುತ್ತೇನೆ.