ರಾಜ, ಕಾಲಾಳು, ಮತ್ತೇನಿಲ್ಲ

ಚೆಸ್‌ನಲ್ಲಿ ನನ್ನ ಆಟ ಬದಲಾದದ್ದು ಮಂತ್ರಿ, ಆನೆ, ಒಂಟೆ, ಕುದುರೆಗಳನ್ನೆಲ್ಲ ಡಬ್ಬಿಯಲ್ಲೇ ಬಿಟ್ಟು, ಎರಡೂ ಕಡೆ ಒಬ್ಬ ರಾಜ, ಎಂಟು ಕಾಲಾಳು ಮಾತ್ರ ಇಟ್ಟು ಆಡತೊಡಗಿದ ಮೇಲೆ. ಗೆಳೆಯನೊಬ್ಬ ಎದುರು ಕೂರುತ್ತಿದ್ದ. ಅವನು ಬರದ ದಿನ ಎರಡೂ ಕಡೆ ನಾನೇ.

ಹೀಗೆ ಆಡಿದರೆ ಮೊದಲು ಅರಿವಿಗೆ ಬರುವುದು ನಡೆಯ ಬೆಲೆ. ಒಂಟೆಯನ್ನು ಹಿಂದಕ್ಕೆ ಕರೆಸಿಕೊಳ್ಳಬಹುದು, ಕಾಲಾಳನ್ನು ಆಗದು. ಇ4ಕ್ಕೆ (ಅಕ್ಷರ ಎಡದಿಂದ ಬಲಕ್ಕೆ ಎಷ್ಟನೆಯ ಉದ್ದಸಾಲು ಎಂದು ಹೇಳುತ್ತದೆ, ಅಂಕಿ ಬಿಳಿಯ ಕಡೆಯಿಂದ ಎಷ್ಟನೆಯ ಅಡ್ಡಸಾಲು ಎಂದು) ಹೋದ ಕಾಲಾಳು ಡಿ4, ಎಫ್4 ಮನೆಗಳನ್ನು ಇನ್ನೆಂದೂ ಕಾಯಲಾರದು. ಎದುರಾಳಿಯ ಕುದುರೆ ಬಂದು ಕೂರುವುದು ಅಂಥ ಮನೆಗಳಲ್ಲೇ.

ನಾನು ಮತ್ತೆ ಮತ್ತೆ ಜೋಡಿಸಿಕೊಂಡು ಆಡಿದ ಹಳೆಯ ಸ್ಥಿತಿಯೊಂದಿದೆ. ಬಿಳಿಯ ಕಾಲಾಳುಗಳು ಎ5, ಬಿ5, ಸಿ5ರಲ್ಲಿ. ಕಪ್ಪಿನವು ಎ7, ಬಿ7, ಸಿ7ರಲ್ಲಿ. ರಾಜರಿಬ್ಬರೂ ದೂರ. ಬಿಳಿಯ ಸರದಿ. ನೋಡಿದರೆ ದಾರಿಯೆಲ್ಲ ಮುಚ್ಚಿದಂತಿದೆ. ಆದರೆ ನಡುವಿನದನ್ನು ಬಿ6ಕ್ಕೆ ತಳ್ಳಿ! ಎ7ರ ಕಾಲಾಳು ಅದನ್ನು ಹೊಡೆದರೆ ಬಿಳಿ ಸಿ6 ಆಡುತ್ತದೆ. ಬಿ7ರದು ಅದನ್ನೂ ಹೊಡೆಯಿತು ಅನ್ನಿ, ಆಗ ಎ6. ಎದುರಿಗೆ ತಡೆಯಲು ಯಾರೂ ಇಲ್ಲ, ಕೊನೆಯ ಸಾಲು ಮುಟ್ಟಿ ಮಂತ್ರಿಯಾಗುವವರೆಗೆ ಓಟವೇ. ಬಿ6ರಲ್ಲಿ ಸಿ7ರ ಕಾಲಾಳು ಹೊಡೆದರೆ ಮೊದಲು ಎ6, ಆಮೇಲೆ ಸಿ6. ಎರಡನ್ನು ಬಲಿಕೊಟ್ಟು ಒಂದನ್ನು ದಾಟಿಸುವ ಲೆಕ್ಕ. ಕಪ್ಪಿನ ಸರದಿಯಾಗಿದ್ದರೆ ತಾನೇ ಮುಂದಾಗಿ ಬಿ6 ಆಡಬೇಕು. ಒಂದು ನಡೆ ತಡವಾದರೂ ಆಟ ಮುಗಿದಂತೆ. ಇಡೀ ಚೆಸ್‌ನಲ್ಲಿ ನನಗೆ ಇದಕ್ಕಿಂತ ಚೆಂದದ ಜಾಗ ಕಂಡಿಲ್ಲ.

1834ರಲ್ಲಿ ಲಂಡನ್ನಿನಲ್ಲಿ ಆ ಕಾಲದ ದೊಡ್ಡ ಆಟಗಾರರಾದ ಮೆಕ್‌ಡೊನೆಲ್ ಮತ್ತು ಲಾ ಬೂರ್ಡೊನೆ ಆಡಿದ ಒಂದು ಆಟವನ್ನು ಹಲಗೆಯ ಮೇಲೆ ಆಡಿನೋಡಿ. ಕೊನೆಯಲ್ಲಿ ಕಪ್ಪಿನ ಮೂರು ಕಾಲಾಳುಗಳು ಡಿ2, ಇ2, ಎಫ್2ರಲ್ಲಿ ಸಾಲಾಗಿ ನಿಂತಿವೆ. ಬಿಳಿಯ ಬಳಿ ಮಂತ್ರಿಯೂ ಇದೆ, ಆನೆಯೂ ಇದೆ, ಆದರೂ ಸೋಲೊಪ್ಪಿತು. ಕಾಲಾಳಿಗೆ ಒಂದು, ಆನೆಗೆ ಐದು, ಮಂತ್ರಿಗೆ ಒಂಬತ್ತು ಎಂದು ನಾವು ಕಲಿತ ಬೆಲೆಪಟ್ಟಿ ಅಲ್ಲಿ ನಡೆಯುವುದಿಲ್ಲ.

ಈಗ ಪೂರ್ಣ ಆಟದ ನಡುವೆಯೂ, ಕಾಯಿ ಬದಲಾಯಿಸಿಕೊಳ್ಳುವ ಮೊದಲು, ಮನಸ್ಸಿನಲ್ಲೇ ದೊಡ್ಡ ಕಾಯಿಗಳನ್ನೆಲ್ಲ ತೆಗೆದುಬಿಟ್ಟು ಕಾಲಾಳುಗಳನ್ನಷ್ಟೇ ನೋಡುತ್ತೇನೆ. ರೂಯ್ ಲೋಪೆಜ್ ಎಂಬ ಆಟದ ಆರಂಭದಲ್ಲಿ ಬಿಳಿ ತನ್ನ ಒಂಟೆ ಕೊಟ್ಟು ಸಿ6ರ ಕುದುರೆಯನ್ನು ಹೊಡೆಯುವ ಪ್ರಕಾರವನ್ನೇ ತೆಗೆದುಕೊಳ್ಳಿ. ಕಪ್ಪು ಡಿ ಕಾಲಾಳಿನಿಂದ ತಿರುಗಿ ಹೊಡೆದು, ಆಮೇಲೆ ಬಿಳಿಯ ಡಿ4ಕ್ಕೆ ಇ5ರಿಂದ ಹೊಡೆದಾಗ, ರಾಜನ ಕಡೆ ಬಿಳಿಗೆ ನಾಲ್ಕು, ಕಪ್ಪಿಗೆ ಮೂರು ಕಾಲಾಳು. ಇನ್ನೊಂದು ಕಡೆ ಕಪ್ಪಿಗೆ ನಾಲ್ಕಿದ್ದರೂ ಎರಡು ಒಂದೇ ಉದ್ದಸಾಲಿನಲ್ಲಿ ಒಂದರ ಹಿಂದೊಂದು ಸಿಕ್ಕಿಬಿದ್ದಿರುವುದರಿಂದ ಮುಂದೆ ನುಗ್ಗುವ ಕಾಲಾಳು ಸುಲಭಕ್ಕೆ ಹುಟ್ಟದು. ಉಳಿದ ಕಾಯಿಗಳೆಲ್ಲ ಹೋದರೆ ಗೆಲುವು ಬಿಳಿಯದೇ. ಬಿಳಿ ಒಂದು ಒಂಟೆ ಕೊಟ್ಟಿರುವುದರಿಂದ ಎರಡೂ ಒಂಟೆ ಉಳಿದಿರುವುದು ಕಪ್ಪಿಗೆ ಮಾತ್ರ, ಅದರ ಬಲವೂ ಅದೇ. ಅದಕ್ಕೇ ಕಪ್ಪು ಹಿಡಿದಾಗ ನಾನು ಒಂಟೆಗಳ ಜೋಡಿಯನ್ನು ಬಿಟ್ಟುಕೊಡುವುದಿಲ್ಲ, ಮಂತ್ರಿ ಬದಲಾದರೂ ಚಿಂತಿಸುವುದಿಲ್ಲ. ಬಿಳಿ ಹಿಡಿದಾಗ ಆ ಎರಡು ಒಂಟೆಗಳಲ್ಲಿ ಒಂದನ್ನು ಆದಷ್ಟು ಬೇಗ ಹಲಗೆಯಿಂದ ಇಳಿಸಲು ನೋಡುತ್ತೇನೆ.