ಧ್ವನಿಮುದ್ರಣಕ್ಕೆ ಯಾವ ಲಿನಕ್ಸ್ ಹಾಕಬೇಕು?

ತುಮಕೂರು, ಮಧುಗಿರಿ, ಶಿರಾ ಕಡೆ ಮನೆಯ ಕೋಣೆಯೊಂದರಲ್ಲೇ ಭಜನೆ, ತತ್ವಪದ, ಮೂಡಲಪಾಯದ ಹಾಡು ರೆಕಾರ್ಡ್ ಮಾಡುವವರು ಲಿನಕ್ಸ್‌ಗೆ ಬಂದಾಗ ಎಡವುವುದು ಒಂದೇ ಕಡೆ. ‘ಆಡಿಯೋಗೆಂದೇ ಮಾಡಿದ’ ಡಿಸ್ಟ್ರೋ (ಲಿನಕ್ಸ್‌ನ ಒಂದೊಂದು ಸಿದ್ಧ ಬಗೆ) ಹುಡುಕುತ್ತ ತಿಂಗಳಿಗೊಂದು ಹಾಕಿ ತೆಗೆಯುತ್ತಾರೆ. ಆರ್ಡೌರ್, ಆಡಾಸಿಟಿಯಂಥ ರೆಕಾರ್ಡಿಂಗ್ ತಂತ್ರಾಂಶಗಳು ಬಹುತೇಕ ಎಲ್ಲ ಡಿಸ್ಟ್ರೋಗಳಲ್ಲೂ ಸಿಗುತ್ತವೆ. ನೋಡಬೇಕಾದ್ದು ಎರಡೇ: ಪ್ಯಾಕೇಜ್ (ತಂತ್ರಾಂಶದ ಕಟ್ಟು) ಎಷ್ಟು ಸಲೀಸಾಗಿ ಬರುತ್ತದೆ, ಹಾಕಿದ ಮೇಲೆ ಎಷ್ಟು ಕಾಲ ಅಲುಗಾಡದೆ ಇರುತ್ತದೆ.

ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದ್ದರೆ ಉಬುಂಟು ಸ್ಟುಡಿಯೋ ಎಲ್‌ಟಿಎಸ್ ಹಾಕಿ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ದೀರ್ಘಾವಧಿಯ ಆವೃತ್ತಿ ಅದು. ಮೂರು ವರ್ಷ ಅಪ್‌ಡೇಟ್ ಸಿಗುತ್ತದೆ. ನಡುವೆ ಬರುವ ಆವೃತ್ತಿಗಳಿಗೆ ಒಂಬತ್ತೇ ತಿಂಗಳ ಆಯುಷ್ಯ, ಅವು ಬೇಡ. 4 ಜಿಬಿಯ ಹಳೆಯ ಯಂತ್ರಕ್ಕೆ ಡೆಬಿಯನ್ ಮೂಲದ ಎಂಎಕ್ಸ್ ಲಿನಕ್ಸ್ ಹಗುರ. ಈಗಾಗಲೇ ಉಬುಂಟು ಇದ್ದರೆ ಅಳಿಸಬೇಕಿಲ್ಲ. ‘ಉಬುಂಟು ಸ್ಟುಡಿಯೋ ಇನ್‌ಸ್ಟಾಲರ್’ ಪ್ಯಾಕೇಜ್ ಅದರ ಮೇಲೆಯೇ ಕೂರುತ್ತದೆ. ಆರ್ಚ್ ಬಗೆಯ ಡಿಸ್ಟ್ರೋಗಳು ಸದಾ ಹೊಸದಾಗುತ್ತಲೇ ಇರುತ್ತವೆ. ನಾಳೆ ಕಲಾವಿದರು ಬರುತ್ತಾರೆ ಎನ್ನುವ ಹೊತ್ತಿಗೆ ಅಪ್‌ಡೇಟ್ ಕೈಕೊಟ್ಟರೆ ಸರಿಪಡಿಸುತ್ತ ಕೂರುವವರಿಗೆ ಮಾತ್ರ ಅದು.

ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಬೂಟ್ ಮಾಡಿ, ನಿಮ್ಮ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಚುಚ್ಚಿ ನೋಡಿ. ಡ್ರೈವರ್ ಇಲ್ಲದೆ ಐಪ್ಯಾಡ್‌ಗೆ ಹೊಂದುತ್ತದೆ ಎಂದು ಡಬ್ಬದ ಮೇಲಿದ್ದರೆ ಲಿನಕ್ಸ್‌ಗೂ ಬಹುಪಾಲು ಹೊಂದುತ್ತದೆ. ಡ್ರೈವರ್ ಸಿ.ಡಿ. ಕೊಟ್ಟು ‘ವಿಂಡೋಸ್‌ಗೆ ಮಾತ್ರ’ ಎನ್ನುವ ಅಗ್ಗದ ಪೆಟ್ಟಿಗೆಗಳ ಹತ್ತಿರ ಹೋಗಬೇಡಿ. ಇನ್‌ಸ್ಟಾಲ್ ಮಾಡುವುದು ದೊಡ್ಡ ಕೆಲಸವಲ್ಲ, ಹಳೆಯ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ತೆಗೆದಿಟ್ಟು ಶುರುಮಾಡಿ.

ನಿಜವಾದ ಕೆಲಸ ಬಫರ್‌ನಲ್ಲಿದೆ, ಅಂದರೆ ಕಂಪ್ಯೂಟರ್ ಧ್ವನಿಯನ್ನು ಸ್ವಲ್ಪಸ್ವಲ್ಪವೇ ಕೂಡಿಟ್ಟುಕೊಳ್ಳುವ ಜಾಗದಲ್ಲಿ. ಈಗ ಧ್ವನಿಯ ವ್ಯವಹಾರ ನೋಡಿಕೊಳ್ಳುವುದು ಪೈಪ್‌ವೈರ್ ಎಂಬ ತಂತ್ರಾಂಶ. ‘ಉಬುಂಟು ಸ್ಟುಡಿಯೋ ಆಡಿಯೋ ಕಾನ್ಫಿಗರೇಷನ್’ ತೆರೆದು, ಮೊದಲು ನಿಮ್ಮ ಖಾತೆ ‘ಆಡಿಯೋ’ ಗುಂಪಿನಲ್ಲಿದೆಯೇ ನೋಡಿ. ಇಲ್ಲದಿದ್ದರೆ ಸೇರಿಸಿ, ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್ ಮಾಡದೆ ‘ಏನೂ ಬದಲಾಗಲಿಲ್ಲ’ ಎಂದು ಡಿಸ್ಟ್ರೋವನ್ನೇ ಬಯ್ಯುವವರು ಬಹಳ. ಆಮೇಲೆ ಬಫರ್ ಅಳತೆ. 48,000 ಹರ್ಟ್ಸ್‌ನಲ್ಲಿ 128 ಸ್ಯಾಂಪಲ್ (ಧ್ವನಿಯ ತುಣುಕು) ಎಂದರೆ 2.7 ಮಿಲಿಸೆಕೆಂಡ್ ತಡ, 256ಕ್ಕೆ 5.3, 1024ಕ್ಕೆ 21.3. ಧ್ವನಿ ಒಳಹೋಗಿ ಹೊರಬರುವಷ್ಟರಲ್ಲಿ ಆ ತಡ ಎರಡರಷ್ಟನ್ನೂ ದಾಟುತ್ತದೆ. ಹಾಡುವವರು ತಮ್ಮ ದನಿಯನ್ನು ಕಂಪ್ಯೂಟರ್ ಮೂಲಕವೇ ಹೆಡ್‌ಫೋನ್‌ನಲ್ಲಿ ಕೇಳಬೇಕಿದ್ದರೆ 128. ಇಂಟರ್‌ಫೇಸ್‌ನಲ್ಲಿ ‘ಡೈರೆಕ್ಟ್ ಮಾನಿಟರ್’ (ದನಿಯನ್ನು ಕಂಪ್ಯೂಟರ್ ಸುತ್ತಿಸದೆ ನೇರ ಕೇಳಿಸುವ) ಗುಂಡಿ ಇದ್ದರೆ ಅದನ್ನೇ ಒತ್ತಿ, 1024 ಇಟ್ಟು ನೆಮ್ಮದಿಯಾಗಿ ರೆಕಾರ್ಡ್ ಮಾಡಿ. 64ಕ್ಕೆ ಇಳಿಸಿದ್ದೇ ಹೆಚ್ಚುಗಾರಿಕೆ ಎಂದುಕೊಂಡವರ ರೆಕಾರ್ಡಿಂಗ್‌ನಲ್ಲೇ ಪಟಪಟ ಸದ್ದು ಜಾಸ್ತಿ.

ಆ ಪಟಪಟ ಬಂದರೆ ಟರ್ಮಿನಲ್‌ನಲ್ಲಿ ‘ಪಿಡಬ್ಲ್ಯೂ-ಟಾಪ್’ (pw-top) ಓಡಿಸಿ, ದೋಷದ (ERR) ಕಾಲಂ ಗಮನಿಸಿ. ಎಣಿಕೆ ಏರುತ್ತಿದ್ದರೆ ಯಂತ್ರಕ್ಕೆ ಸಮಯ ಸಾಲುತ್ತಿಲ್ಲ ಎಂದರ್ಥ. ವೈಫೈ ಆಫ್ ಮಾಡಿ, ಇಂಟರ್‌ಫೇಸನ್ನು ಯುಎಸ್‌ಬಿ ಹಬ್ ಬಿಟ್ಟು ನೇರ ಚುಚ್ಚಿ, ಬ್ಯಾಟರಿ ಚಿಹ್ನೆಯಲ್ಲಿ ‘ಪರ್ಫಾರ್ಮೆನ್ಸ್’ ಆರಿಸಿ. ಕರೆಂಟ್ ಹೋದೊಡನೆ ಲ್ಯಾಪ್‌ಟಾಪ್ ತಾನಾಗಿ ವೇಗ ತಗ್ಗಿಸಬಹುದು, ಒಂದು ಕಣ್ಣು ಇಡಿ. ಪಟಪಟದ ಬದಲು ಗುಂಯ್ ಎನ್ನುತ್ತಿದ್ದರೆ ಚಾರ್ಜರ್ ಕಿತ್ತು ನೋಡಿ. ನಿಂತರೆ ತಪ್ಪು ಲಿನಕ್ಸ್‌ನದಲ್ಲ, ಮನೆಯ ಅರ್ಥಿಂಗ್‌ನದೋ ಚಾರ್ಜರ್‌ನದೋ.

ಪ್ಯಾಕೇಜ್‌ಗಳನ್ನು ಒಂದೇ ಬಾಗಿಲಿನಿಂದ ತನ್ನಿ: ಆಪ್ಟ್, ಅಂದರೆ ಡಿಸ್ಟ್ರೋದ ಸ್ವಂತ ಭಂಡಾರದಿಂದ ತರುವ ಸಾಧನ. ಹೆಸರು ಗೊತ್ತಿಲ್ಲದಿದ್ದರೆ ಸಿನಾಪ್ಟಿಕ್ ಹಾಕಿಕೊಂಡು ಹುಡುಕಿ. ಆರ್ಡೌರನ್ನು ಫ್ಲಾಟ್‌ಪ್ಯಾಕ್ ಎಂಬ ಬೇರೆ ದಾರಿಯಿಂದ, ಪ್ಲಗಿನ್‌ಗಳನ್ನು (ಧ್ವನಿ ತಿದ್ದುವ ಜೋಡಣೆಗಳನ್ನು) ಆಪ್ಟ್‌ನಿಂದ ತಂದರೆ ಆರ್ಡೌರ್‌ಗೆ ಅವು ಕಾಣುವುದೇ ಇಲ್ಲ, ಫ್ಲಾಟ್‌ಪ್ಯಾಕ್ ತನ್ನದೇ ಗೋಡೆಯೊಳಗೆ ಇರುತ್ತದೆ. ಸಿಕ್ಕಸಿಕ್ಕ ಪಿಪಿಎ (ಹೊರಗಿನವರ ಪ್ಯಾಕೇಜ್ ಭಂಡಾರ) ಸೇರಿಸಿದರೆ ಮುಂದಿನ ದೊಡ್ಡ ಅಪ್‌ಗ್ರೇಡ್ ಅಲ್ಲೇ ಸಿಕ್ಕಿಕೊಳ್ಳಬಹುದು. ವಿಂಡೋಸ್‌ಗೆಂದು ಕೊಂಡ ಪ್ಲಗಿನ್ ಬೇಕೇ ಬೇಕಿದ್ದರೆ ವಿಂಡೋಸ್ ತಂತ್ರಾಂಶ ಓಡಿಸುವ ವೈನ್ ಜೊತೆ ಪ್ಲಗಿನ್ ಬೆಸೆಯುವ ಯಾಬ್ರಿಡ್ಜ್ ಇದೆ, ಆದರೆ ಲೈಸೆನ್ಸ್ ಬೀಗ ಬಿಗಿಯಾಗಿರುವವು ಹಟ ಮಾಡುತ್ತವೆ.

ಆಲ್ಬಂ ಮುಗಿಯುವವರೆಗೆ ಆರ್ಡೌರ್ ಆವೃತ್ತಿ ಬದಲಿಸಬೇಡಿ. ಹೊಸದರಲ್ಲಿ ಉಳಿಸಿದ ಸೆಷನ್ ಹಳೆಯದರಲ್ಲಿ ತೆರೆಯದೆ ಹೋಗಬಹುದು. ಅಪ್‌ಡೇಟ್‌ಗೆ ಮುಂಚೆ ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ (ಸಿಸ್ಟಂನ ಆ ಹೊತ್ತಿನ ನಕಲು) ತೆಗೆಯಿರಿ. ಅದು ಕಾಪಾಡುವುದು ಸಿಸ್ಟಂ ಅನ್ನು ಮಾತ್ರ. ಹೋಮ್ ಫೋಲ್ಡರ್‌ನಲ್ಲಿರುವ ರೆಕಾರ್ಡಿಂಗ್‌ಗಳನ್ನು ನೀವೇ ಇನ್ನೊಂದು ಡಿಸ್ಕ್‌ಗೆ ನಕಲು ಮಾಡಿಕೊಳ್ಳಬೇಕು.