ಸ್ಟೇಷನ್‌ನಿಂದ ಫೋನ್ ಬಂದರೆ ಮೊದಲು ಕಾಗದ ಕೇಳಿ

"ಸ್ಟೇಷನ್ ಹತ್ರ ಬಂದು ಹೋಗಿ, ಸಾಹೇಬ್ರು ಮಾತಾಡಬೇಕಂತೆ." ಇಂಥ ಫೋನ್ ಬಂದರೆ ಕೆಲವರು ಗಾಬರಿಯಲ್ಲಿ ಓಡಿ ಹೋಗ್ತಾರೆ, ಇನ್ನು ಕೆಲವರು ಫೋನ್ ಸ್ವಿಚ್ ಆಫ್ ಮಾಡಿ ಕೂರುತ್ತಾರೆ. ಎರಡೂ ಬೇಡ. ಪೊಲೀಸರಿಗೆ ನಿಮ್ಮನ್ನು ಕರೆಯುವ ಅಧಿಕಾರ ಇದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಅಧಿಕಾರದ ಒಂದೊಂದು ಹೆಜ್ಜೆಗೂ ಒಂದು ಕಾಗದ ಇದೆ: ನೋಟಿಸು, ದಸ್ತಗಿರಿ ಮೆಮೊ (ಬಂಧಿಸಿದ್ದಕ್ಕೆ ದಾಖಲೆ), ಮಹಜರು (ಶೋಧ, ಜಪ್ತಿಯ ವಿವರ), ಹಿಂಬರಹ (ಅರ್ಜಿಗೆ ಬರೆದು ಕೊಡುವ ಉತ್ತರ). ಯಾವಾಗ ಯಾವುದನ್ನು ಕೇಳಬೇಕು ಅಂತ ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಮೊದಲು ಫೋನ್ ಮಾಡಿದವರ ಹೆಸರು, ಹುದ್ದೆ, ಠಾಣೆ ಬರೆದುಕೊಳ್ಳಿ. ಎಫ್‌ಐಆರ್ ಆಗಿದೆಯಾ, ನಂಬರ್ ಏನು ಅಂತ ಕೇಳಿ. ಆಮೇಲೆ "ನೋಟಿಸ್ ಕೊಡಿ ಸಾರ್, ಖಂಡಿತ ಬರ್ತೀನಿ" ಅನ್ನಿ. ಬರಲ್ಲ ಅಂತ ಯಾವತ್ತೂ ಹೇಳಬೇಡಿ, ಜಗಳಕ್ಕೂ ನಿಲ್ಲಬೇಡಿ. ವಿಡಿಯೊ ಕಾಲ್‌ನಲ್ಲಿ ಯೂನಿಫಾರ್ಮ್ ತೋರಿಸಿ "ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ" ಅಂದರೆ ಮಾತ್ರ ಸುಮ್ನೆ ಫೋನ್ ಇಟ್ಟುಬಿಡಿ. ಹಾಗೊಂದು ಬಂಧನ ಕಾನೂನಿನಲ್ಲೇ ಇಲ್ಲ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.

2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಎಲ್ಲರೂ ಕರೆಯುವುದು ಬಿಎನ್‌ಎಸ್‌ಎಸ್ ಅಂತ. ಇದರಲ್ಲಿ ನಿಮಗೆ ಬರಬಹುದಾದ ನೋಟಿಸು ಮುಖ್ಯವಾಗಿ ಎರಡು ಬಗೆ. ಸೆಕ್ಷನ್ 179 ಅಂದರೆ ನಿಮಗೆ ವಿಷಯ ಗೊತ್ತಿರಬಹುದು, ಬಂದು ಹೇಳಿ ಅಂತ ಸಾಕ್ಷಿಯಾಗಿ ಕರೆಯುವುದು. ಇದರಲ್ಲಿ ಹೆಂಗಸರನ್ನು, 15 ವರ್ಷದೊಳಗಿನ ಅಥವಾ 60 ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆ ಇರುವವರನ್ನು ಠಾಣೆಗೆ ಬನ್ನಿ ಅಂತ ಒತ್ತಾಯಿಸುವ ಹಾಗಿಲ್ಲ. ಅವರು ಇರುವಲ್ಲಿಗೇ ಪೊಲೀಸರು ಬರಬೇಕು. ನಿಮ್ಮ ಅಮ್ಮನನ್ನೋ ಅಜ್ಜನನ್ನೋ ಸ್ಟೇಷನ್ ಬೆಂಚಿನ ಮೇಲೆ ಸಂಜೆವರೆಗೂ ಕೂರಿಸುವುದು ತಪ್ಪು, ಅಷ್ಟೇ.

ಇನ್ನೊಂದು ಸೆಕ್ಷನ್ 35(3). ಇದು ಬಂದರೆ ನಿಮ್ಮ ಮೇಲೇ ಅನುಮಾನ ಅಥವಾ ದೂರು ಇದೆ ಅಂತ ಅರ್ಥ. ಇದನ್ನು ಕೈಗೆ ಕೊಡಬೇಕು, ಸುಮ್ನೆ ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ನೋಟಿಸ್ ಪ್ರಕಾರ ಹೋಗಿ ಹಾಜರಾಗುತ್ತಿದ್ದರೆ, ಯಾಕೆ ಬೇಕು ಅಂತ ಕಾರಣ ಬರೆದಿಡದೆ ನಿಮ್ಮನ್ನು ಬಂಧಿಸುವ ಹಾಗಿಲ್ಲ. ಹೋಗದಿದ್ದರೆ ಬಂಧಿಸಬಹುದು. ಅದಕ್ಕೇ ತಪ್ಪಿಸಿಕೊಳ್ಳಬೇಡಿ ಅಂದಿದ್ದು. 7 ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಕೇಸ್ ಆಯ್ತು ಅಂತ ತಕ್ಷಣ ಬಂಧಿಸಬೇಡಿ, ನಿಜವಾಗಿ ಬೇಕಾ ಅಂತ ಮೊದಲು ಯೋಚಿಸಿ ಅಂತ ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪೂ ಇದೆ.

ಎಫ್‌ಐಆರ್ ಇಲ್ಲ, ಬರೀ "ಅರ್ಜಿ ವಿಚಾರಣೆ" ಅಂದರೆ ಅರ್ಜಿಯಲ್ಲಿ ಏನಿದೆ ಅಂತ ಕೇಳಿ. ಕೈಸಾಲ, ಬಾಡಿಗೆ, ಜಮೀನಿನ ಗಡಿ ಇವೆಲ್ಲ ಸಿವಿಲ್ ಕೋರ್ಟಿನ ಕೆಲಸ. ಸ್ಟೇಷನ್‌ನಲ್ಲಿ ಕೂರಿಸಿ ದುಡ್ಡು ಕೊಡಿಸುವುದು ಪೊಲೀಸರ ಕೆಲಸ ಅಲ್ಲ, ನಮ್ಮೂರುಗಳಲ್ಲಿ ಅದೇ ಜಾಸ್ತಿ ನಡೆಯುತ್ತದೆ ಅನ್ನುವುದು ಬೇರೆ ಮಾತು.

ಹೋಗುವಾಗ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಳಗೆ ಬಿಡದಿದ್ದರೆ ಅವರು ಹೊರಗೆ ನಿಂತಿರಲಿ. ಗೇಟಿನ ಹತ್ತಿರ ನಿಂತೇ ಮನೆಯವರಿಗೆ ಒಂದು ಮೆಸೇಜ್ ಹಾಕಿ: "10.20, ಸ್ಟೇಷನ್ ಒಳಗೆ ಹೋಗ್ತಿದ್ದೀನಿ." ಈ ಒಂದು ಸಾಲು ಯಾಕೆ ಬೇಕು ಅಂದರೆ, ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಅನ್ನುತ್ತದೆ ಸಂವಿಧಾನದ 22ನೇ ವಿಧಿ, ಪ್ರಯಾಣದ ಸಮಯವನ್ನು ಮಾತ್ರ ಅದರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಬೆಳಿಗ್ಗೆ ಕೂರಿಸಿಕೊಂಡು ಸಂಜೆ 7ಕ್ಕೆ ದಸ್ತಗಿರಿ ಅಂತ ಮೆಮೊದಲ್ಲಿ ಬರೆದರೆ ಆ 24 ಗಂಟೆ ಸದ್ದಿಲ್ಲದೆ ಉದ್ದ ಆಗುತ್ತದೆ. ನಿಮ್ಮ ಮೆಸೇಜು, ಠಾಣೆಯ ಸಿಸಿಟಿವಿ, ಎರಡೂ ಸೇರಿದರೆ ನಿಜವಾದ ಹೊತ್ತು ಯಾವುದು ಅಂತ ಮ್ಯಾಜಿಸ್ಟ್ರೇಟರಿಗೆ ತೋರಿಸಬಹುದು.

ಒಳಗೆ ಪ್ರಶ್ನೆ ಕೇಳಿದಾಗ ಗೊತ್ತಿದ್ದದ್ದನ್ನು ನಿಜವಾಗಿ ಹೇಳಿ. ಆದರೆ ಉತ್ತರದಿಂದ ನೀವೇ ಕೇಸಿಗೆ ಸಿಕ್ಕಿಹಾಕಿಕೊಳ್ಳುವ ಹಾಗಿದ್ದರೆ ಉತ್ತರಿಸಲೇಬೇಕಿಲ್ಲ, ಸಂವಿಧಾನದ 20(3)ನೇ ವಿಧಿಯ ರಕ್ಷಣೆ ಇದೆ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ನಿಮ್ಮ ಸಹಿ ಪಡೆಯುವ ಹಾಗೇ ಇಲ್ಲ. ಖಾಲಿ ಹಾಳೆಗಂತೂ ಸಹಿ ಬೇಡವೇ ಬೇಡ, ಎಷ್ಟೇ ಪ್ರೀತಿಯಿಂದ ಕೇಳಿದರೂ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಆದರೆ ನೀವು ಹೇಳಿದ ಜಾಗದಲ್ಲಿ ವಸ್ತು ಸಿಕ್ಕರೆ ಆ ಭಾಗ ನಿಲ್ಲುತ್ತದೆ. ಸುಳ್ಳು ಪತ್ತೆ ಯಂತ್ರ, ಮಂಪರು ಪರೀಕ್ಷೆ ಇವೆಲ್ಲ ನಿಮ್ಮ ಒಪ್ಪಿಗೆ ಇಲ್ಲದೆ ಮಾಡುವ ಹಾಗಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದ್ದು ನಮ್ಮ ರಾಜ್ಯದ ವಿರುದ್ಧದ ಕೇಸಿನಲ್ಲೇ, ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವೆ. ಅಕ್ರಮ ಹಣ ವರ್ಗಾವಣೆ ಕೇಸು ನೋಡುವ ಇ.ಡಿ. (ಜಾರಿ ನಿರ್ದೇಶನಾಲಯ) ಕರೆದರೆ ಮಾತ್ರ ಕಥೆ ಬೇರೆ. ಅಲ್ಲಿ ಹೇಳಿಕೆಗೆ ಸಹಿಯೂ ಮಾಡಿಸುತ್ತಾರೆ, ಅದನ್ನು ಸಾಕ್ಷ್ಯವಾಗಿಯೂ ಬಳಸುತ್ತಾರೆ. ವಕೀಲರ ಹತ್ತಿರ ಮಾತಾಡದೆ ಅಲ್ಲಿಗೆ ಕಾಲಿಡಬೇಡಿ.

ಫೋನ್ ಕೊಡಿ ಅಂದರೆ? ಸ್ಮಾರ್ಟ್‌ಫೋನ್ ಒಳಗೆ ಹುಡುಕಲು ಸಾಮಾನ್ಯವಾಗಿ ಕೋರ್ಟಿನ ವಾರಂಟ್ ಬೇಕು, ತುರ್ತಿದ್ದರೆ ಕಾರಣ ಬರೆದಿಡಬೇಕು ಅಂತ ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಮೇಲೆ ಈ ವಾದಕ್ಕೆ ಬಲ ಬಂತು. ಆ ಕೇಸು ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಫೋನ್ ಕಿತ್ತುಕೊಂಡರೆ ಎಳೆದಾಡಬೇಡಿ. ಜಪ್ತಿ ಮಹಜರಿನಲ್ಲಿ ಬರೆದು ಪ್ರತಿ ಕೊಡಿ ಅಂತ ಕೇಳಿ. ಮನೆ ಶೋಧಕ್ಕೆ ಬಂದರೂ ಅಷ್ಟೇ, ಪಂಚರು (ಸ್ವತಂತ್ರ ಸಾಕ್ಷಿಗಳು) ಇರಬೇಕು, ಪಟ್ಟಿಯ ಪ್ರತಿ ಕೊಡಬೇಕು. ಹೊಸ ಕಾನೂನಿನಲ್ಲಿ ಶೋಧವನ್ನು ಪೊಲೀಸರೇ ವಿಡಿಯೊ ಮಾಡಬೇಕು, "ಸಾರ್, ರೆಕಾರ್ಡಿಂಗ್ ಆನ್ ಇದೆಯಾ?" ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಬಂಧಿಸಿಯೇಬಿಟ್ಟರೆ ಮೂರು ವಿಷಯ ಬಿಡಬೇಡಿ. ಯಾಕೆ ಅನ್ನುವ ಕಾರಣವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ನೀವು ಹೇಳಿದ ಒಬ್ಬರಿಗೆ ವಿಷಯ ತಿಳಿಸಬೇಕು. ವಕೀಲರನ್ನು ಭೇಟಿ ಮಾಡಲು ಬಿಡಬೇಕು, ವಿಚಾರಣೆ ಮುಗಿಯುವವರೆಗೂ ಅವರು ಪಕ್ಕದಲ್ಲೇ ಕೂರುವ ಅವಕಾಶ ಇಲ್ಲದಿದ್ದರೂ. ದಸ್ತಗಿರಿ ಮೆಮೊಗೆ ಸಹಿ ಹಾಕಬಹುದು, ಆದರೆ ಮೊದಲು ಅದರಲ್ಲಿರುವ ದಿನಾಂಕ, ಹೊತ್ತು ಓದಿ. ತಪ್ಪಿದ್ದರೆ ಸಹಿಯ ಪಕ್ಕದಲ್ಲೇ ನಿಜವಾದ ಹೊತ್ತನ್ನು ಬರೆಯಿರಿ. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವ ಹಾಗಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದೇ ಮಾಡಬೇಕು. ವೈದ್ಯಕೀಯ ತಪಾಸಣೆ ಮಾಡಿಸುತ್ತಾರೆ, ಏಟು ಬಿದ್ದಿದ್ದರೆ ಡಾಕ್ಟರಿಗೆ ತೋರಿಸಿ ಬರೆಸಿ. ಮ್ಯಾಜಿಸ್ಟ್ರೇಟರು ಕೇಳಿದಾಗಲೂ ಬಾಯಿ ಬಿಡಿ. ಅಲ್ಲಿ ಸುಮ್ಮನಿದ್ದು ಆಮೇಲೆ ಹೇಳಿದರೆ ನಂಬುವವರು ಕಡಿಮೆ.

ವಕೀಲರಿಗೆ ದುಡ್ಡಿಲ್ಲ ಅಂದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಕಸ್ಟಡಿಯಲ್ಲಿರುವವರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ.

ಒಂದು ಎಚ್ಚರಿಕೆ. ಗೂಂಡಾ ಕಾಯ್ದೆಯಂಥ ಕಾನೂನಿನಲ್ಲಿ, ಮುಂದೆ ತಪ್ಪು ಮಾಡಬಹುದು ಅಂತ ಮೊದಲೇ ಹಿಡಿದಿಡುವ ಮುಂಜಾಗ್ರತಾ ಬಂಧನಕ್ಕೆ ಈ 24 ಗಂಟೆ ನಿಯಮ ಅನ್ವಯಿಸುವುದಿಲ್ಲ. ಅದೇ 22ನೇ ವಿಧಿಯೇ ಆ ಬಾಗಿಲನ್ನೂ ತೆರೆದಿಟ್ಟಿದೆ, ನನಗಂತೂ ಸಂವಿಧಾನದಲ್ಲಿ ಅತ್ಯಂತ ಬೇಜಾರು ತರುವ ಸಾಲುಗಳು ಅವು. ಅಂಥ ಆದೇಶ ಬಂದರೆ ಅದೇ ದಿನ ವಕೀಲರನ್ನು ಹಿಡಿಯಿರಿ.

ಕರೆದುಕೊಂಡು ಹೋದವರು ಎಲ್ಲಿದ್ದಾರೆ ಅಂತಲೇ ಗೊತ್ತಾಗುತ್ತಿಲ್ಲವಾ? ಮೊದಲು ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಇಮೇಲ್ ಕೂಡ ಹಾಕಿ. ನಂತರ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಆ ವ್ಯಕ್ತಿಯನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅಂತ ಕೇಳುವ ಅರ್ಜಿ. ಬೆಂಗಳೂರಿಗೇ ಬರಬೇಕು ಅಂತಿಲ್ಲ, ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಈ ಬಾಗಿಲನ್ನೂ ಸುಪ್ರೀಂ ಕೋರ್ಟ್ ಮುಚ್ಚಿತ್ತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪು ತಪ್ಪು ಅಂತ ಅಧಿಕೃತವಾಗಿ ಹೇಳಿದ್ದು 2017ರಲ್ಲಿ, ಪುಟ್ಟಸ್ವಾಮಿಯವರ ಕೇಸಿನಲ್ಲೇ.

ಎಲ್ಲ ಮುಗಿದು ಹೊರಗೆ ಬಂದ ಮೇಲೆ ದೂರು ಕೊಡುವುದಿದ್ದರೆ ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಇದೆ, ಮಾನವ ಹಕ್ಕುಗಳ ಆಯೋಗ ಇದೆ. ಆಯೋಗಕ್ಕೆ ಹೋಗುವುದಾದರೆ ಘಟನೆ ಆಗಿ ಒಂದು ವರ್ಷದೊಳಗೆ. ಸಿಸಿಟಿವಿ ದೃಶ್ಯ ಉಳಿಸಿ ಅಂತ ಮಾತ್ರ ಅದೇ ವಾರ ಅರ್ಜಿ ಹಾಕಿ, ದಿನಾಂಕ ಮತ್ತು ಹೊತ್ತನ್ನು ಸ್ಪಷ್ಟವಾಗಿ ಬರೆಯಿರಿ. ಠಾಣೆಯಲ್ಲಿ ಅರ್ಜಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ.